ಪಟ್ಟಿಯ ಕೆಳಗಿನ ಚಪ್ಪಲಿ

ಅಚ್ಚಕ್ಕನ ಅಂಗಡಿ ಕೆಳಗೆ, ಅವಳ ಅಪ್ಪ ಮೇಲೆ, ನಡುವೆ ಪಕ್ಕದ ಸಂದಿಯಿಂದ ಹತ್ತುವ ಕಡಿದಾದ ಮೆಟ್ಟಿಲು. ಮಂಡಿ ಹಾಳಾದದ್ದು ಆ ಮೆಟ್ಟಿಲಿನಿಂದ, ನಿದ್ದೆ ಹಾಳಾದದ್ದು ಅಪ್ಪನಿಂದ, ಬಾಯಿ ಹಾಳಾದದ್ದು ಗಿರಾಕಿಗಳಿಂದ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬಾಯಿಯ ವಿಷಯದಲ್ಲಿ ಮಾತ್ರ ಅದು ಸುಳ್ಳು. ಗಿರಾಕಿಗಳು ಬರುವುದಕ್ಕೆ ಮೊದಲೂ ಅದು ಹಾಗೇ ಇತ್ತು.

ಅಂಗಡಿಯೆಂದರೆ ಒಂದು ಮುದಿ ಕಂಪ್ಯೂಟರ್, ಎರಡು ಪ್ರಿಂಟರ್, ಒಂದು ಲ್ಯಾಮಿನೇಷನ್ ಯಂತ್ರ, ಗುರುತಿನ ಚೀಟಿಯ ಫೋಟೊ ತೆಗೆಯಲು ಗೋಡೆಗೆ ಇಳಿಬಿಟ್ಟ ನೀಲಿ ಬಟ್ಟೆ. ವಿಸಿಟಿಂಗ್ ಕಾರ್ಡಿನಿಂದ ಹಿಡಿದು ಕಾಲೇಜಿನವರ ವರದಿಯವರೆಗೆ ಎಲ್ಲವನ್ನೂ ಅಚ್ಚು ಹಾಕಿಕೊಡುತ್ತಿದ್ದರಿಂದ ಬೀದಿಗೆಲ್ಲ ಅವಳು ಅಚ್ಚಕ್ಕ. ಅಪ್ಪ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡುವ ಕೆಲಸದಲ್ಲಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿತ್ತು. ಈಗ ಮರೆವು ಬಂದು ಹೆಂಡತಿ ತೀರಿಕೊಂಡದ್ದು, ಮಗನ ಮದುವೆ, ಬೆಳಿಗ್ಗೆ ತಿಂದ ತಿಂಡಿ ಎಲ್ಲವೂ ಅಳಿಸಿಹೋಗಿ ಆ ಕೆಲಸವೊಂದೇ ತಲೆಯಲ್ಲಿ ಉಳಿದಿತ್ತು. ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು, "ಇವತ್ತು ಈ ಸಾಲಿನ ಮನೆಗಳು ಮುಗೀಬೇಕು" ಎನ್ನುತ್ತ ಹೊರಟೇಬಿಡುತ್ತಿದ್ದರು. ಇದುವರೆಗೆ ಬೀದಿಯ ತಿರುವು ದಾಟುವುದರೊಳಗೆ ಅಚ್ಚಕ್ಕ ಹಿಡಿದು ತಂದಿದ್ದಳು.

ಅವಳ ತಮ್ಮನಿಗೆ ಇದು ಸರಿಬರುತ್ತಿರಲಿಲ್ಲ. ಅವನು ಲಿಫ್ಟ್ ರಿಪೇರಿ ಮಾಡುವವನು, ಊರಿನ ಇನ್ನೊಂದು ತುದಿಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮವನ್ನು ಅವನು ಆಗಲೇ ಹೋಗಿ ನೋಡಿಕೊಂಡು ಬಂದಿದ್ದ. ಸ್ವಚ್ಛವಾಗಿದೆಯಂತೆ, ನರ್ಸುಗಳಿದ್ದಾರಂತೆ, ಗೇಟಿಗೆ ಕಾವಲಿದೆಯಂತೆ. ಅಚ್ಚಕ್ಕ ಕೇಳಿದ್ದೇ ತಡ, ಮೈಮೇಲೆ ಬಿದ್ದಳು. ಅಪ್ಪ ಏನು ಹಳೇ ಸಾಮಾನಾ, ಮೂಲೆಗೆ ಹಾಕೋದಕ್ಕೆ? ಕೊನೆಗೆ ಇಬ್ಬರಿಗೂ ಕೂಗಿ ಕೂಗಿ ಸಾಕಾಗಿ ಒಂದು ಮಾತಿಗೆ ಬಂದರು.

"ಅಪ್ಪ ಒಂದೇ ಒಂದು ಸಲ ತಪ್ಪಿಸ್ಕೊಂಡ್ರೆ ಅಲ್ಲಿಗೆ ಸೇರ್ಸೋದು. ಆಮೇಲೆ ನೀನು ಎದುರು ಮಾತಾಡ್ಬಾರ್ದು," ಎಂದ ತಮ್ಮ.

"ಆಯ್ತು ಹೋಗೋ. ನಾನಿರೋವರ್ಗೂ ಹಾಗಾಗಲ್ಲ," ಎಂದಳು ಅಚ್ಚಕ್ಕ. ಹಾಗೆ ಅಂದ ಮರುಗಳಿಗೆಯಿಂದ ಅವಳ ನೆಮ್ಮದಿ ಹೋಯಿತು.

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ದಿನ ಹಾಕಿದ್ದಳು. ಅಪ್ಪ ಒಳಗಿನಿಂದ ಬಾಗಿಲು ಬಡಿದೂ ಬಡಿದೂ, "ಯಾರಾದ್ರೂ ಇದೀರಾ, ಮೀಟರ್ ನೋಡೋನು ಒಳಗೆ ಸಿಕ್ಕಾಕ್ಕೊಂಡಿದೀನಿ" ಎಂದು ಅಳತೊಡಗಿದ್ದರು. ಬೀಗ ತೆಗೆದಾಗ ಅವರ ಅಂಗೈ ಕೆಂಪಾಗಿತ್ತು. ಆ ಬೀಗವನ್ನು ಅಚ್ಚಕ್ಕ ಆವತ್ತೇ ಎಸೆದಳು.

ಆಮೇಲೆ ತಮ್ಮನಿಗೆ ಗೊತ್ತಾಗದ ಹಾಗೆ ಒಂದು ಕ್ಯಾಮೆರಾ ತರಿಸಿದಳು. ಕ್ಯಾಮೆರಾ ಅಂಗಡಿಯವನು ಅದನ್ನು ಮೇಲಿನ ಕೋಣೆಯ ಅಟ್ಟದ ಅಂಚಿಗೆ ಕೂರಿಸಿ, ಅದು ತೆಗೆಯುವ ಚಿತ್ರ ನಿಮಿಷಕ್ಕೊಂದರಂತೆ ಅಂಗಡಿಯ ಕಂಪ್ಯೂಟರಿನ ಹಿನ್ನೆಲೆಯಾಗಿ ಬರುವಂತೆ ಮಾಡಿಕೊಟ್ಟ. ಬೇರೆಯವರು ಪರದೆಯ ಮೇಲೆ ಬೆಟ್ಟವನ್ನೋ ಸಮುದ್ರವನ್ನೋ ಹಾಕಿಕೊಳ್ಳುವ ಜಾಗದಲ್ಲಿ ಅಚ್ಚಕ್ಕನಿಗೆ ಅಪ್ಪನ ಮಂಚ, ಕುರ್ಚಿ, ಬಾಗಿಲು, ಬಾಗಿಲ ಬಳಿಯ ಕಾಲೊರಸು. ಅಡುಗೆಮನೆ, ಬಚ್ಚಲು, ಬಾಲ್ಕನಿ ಅದಕ್ಕೆ ಕಾಣುತ್ತಿರಲಿಲ್ಲ. ಆದ್ದರಿಂದ ಅಪ್ಪ ಚಿತ್ರದಲ್ಲಿ ಇಲ್ಲವೆಂದರೆ ಹೋಗಿಬಿಟ್ಟರು ಎಂದರ್ಥವಲ್ಲ. ಅರ್ಥ ಇದ್ದದ್ದು ಚಪ್ಪಲಿಯಲ್ಲಿ. ಮೀಟರ್ ನೋಡುವವರು ಬಿಸಿ ತಾರಸಿ, ಮುರಿದ ಗಾಜು, ನಾಯಿ ಎಲ್ಲವನ್ನೂ ಕಂಡವರು. ಅಪ್ಪ ತಲೆ ಮರೆತರೂ ಚಪ್ಪಲಿ ಮರೆಯುತ್ತಿರಲಿಲ್ಲ. ಕಾಲೊರಸಿನ ಮೇಲೆ ಚಪ್ಪಲಿ ಇದೆಯೆಂದರೆ ಅಪ್ಪ ಮನೆಯಲ್ಲಿದ್ದಾರೆ, ಇಲ್ಲವೆಂದರೆ ಇಲ್ಲ.

ತೊಂದರೆ ಬಂದದ್ದು ಅಲ್ಲೇ. ಚಿತ್ರದ ತೀರಾ ಕೆಳಗೆ ಇರುವ ಆ ಕಾಲೊರಸಿನ ಮೇಲೆ ಸರಿಯಾಗಿ ಕಂಪ್ಯೂಟರಿನ ಪಟ್ಟಿ ಬಂದು ಕೂತಿತ್ತು. ಗಡಿಯಾರ, ತೆರೆದಿರುವ ಕಡತಗಳ ಹೆಸರು, ಪ್ರಿಂಟರಿನ ಗುರುತು ಎಲ್ಲ ಸಾಲಾಗಿ ಇರುತ್ತದಲ್ಲ, ಆ ಬೂದುಬಣ್ಣದ ಪಟ್ಟಿ. ಕ್ಯಾಮೆರಾ ಬಗ್ಗಿಸಿದರೆ ಮಂಚ ಕಾಣುವುದಿಲ್ಲ. ಪಟ್ಟಿಯನ್ನು ಮೇಲಕ್ಕೆ ಸರಿಸಿ ಒಂದು ದಿನ ನೋಡಿದಳು. ಇಪ್ಪತ್ತು ವರ್ಷ ಕೆಳಗೆ ಹೋಗಿ ರೂಢಿಯಾದ ಕೈ ಮಾತು ಕೇಳಲಿಲ್ಲ. ಒಬ್ಬ ದಂತವೈದ್ಯರ ಕಾರ್ಡಿನ ಕೆಲಸ ಅರ್ಧಕ್ಕೇ ಮುಚ್ಚಿಹೋಗಿ, ಅವರು ಹಲ್ಲು ಕಡಿದರು. ತಾನಾಗಿ ಅಡಗುವ ಹಾಗೆ ಮಾಡಿದರೆ, ಬೇಡವಾದಾಗ ಎದ್ದು ಬೇಕಾದಾಗ ಬರುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಚಪ್ಪಲಿ ನೋಡಲೆಂದೇ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಮಂಡಿಗೆ ಎಣ್ಣೆ ಹಚ್ಚಿ ಹಚ್ಚಿ ಬೇಸತ್ತಿದ್ದಳು. ಪಟ್ಟಿಯೂ ಇರಬೇಕು, ಅದರ ಹಿಂದೆ ಇರುವುದೂ ಕಾಣಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅದಕ್ಕೆ ತಮ್ಮನೇ ಬೇಕಾಯಿತು. ಹಳೆಯ ವ್ಯವಸ್ಥೆ ಕೈಕೊಟ್ಟಾಗ ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆಯ ಇನ್ನೊಂದನ್ನು ಹಾಕಿಕೊಟ್ಟವನು ಅವನು. ಲಿಫ್ಟಿನ ಹಗ್ಗ ಮೋಟರುಗಳಷ್ಟೇ ಆಸೆಯಿಂದ ಅದನ್ನೂ ಬಿಚ್ಚಿ ಕಟ್ಟುತ್ತಿದ್ದ.

ಒಂದು ಬೆಳಿಗ್ಗೆ ಬಂದು ಕೂತ. ಮೇಲೆ ಅಪ್ಪ ಮುಸುಕು ಹಾಕಿಕೊಂಡು ಮಲಗಿದ್ದರು. ಪರದೆಯ ಮೇಲೆ ಏನೂ ಅಲುಗುತ್ತಿರಲಿಲ್ಲ.

"ಇದೇನಕ್ಕ, ಮನೇ ಫೋಟೊನೇ ಹಾಕ್ಕೊಂಡಿದೀಯ? ಒಂದು ಹೂವೋ ಹಕ್ಕಿನೋ ಹಾಕ್ಕೋಬಾರ್ದಾ?"

"ನನ್ನಿಷ್ಟ. ಈ ಪಟ್ಟಿ ಗಾಜಿನ ಥರ ಆಗ್ಬೇಕು, ಹಿಂದಿರೋದು ಕಾಣ್ಬೇಕು. ಮಾಡ್ಕೊಡ್ತೀಯೋ ಇಲ್ವೋ?"

"ಯಾಕೆ?"

"ಚೆನ್ನಾಗಿರುತ್ತೆ ಅಂತ."

ಹೇಳಬೇಕಾದದ್ದು ಆ ಒಂದು ಗಳಿಗೆಯಲ್ಲಿ. ಇದು ಫೋಟೊ ಅಲ್ಲ ಕಣೋ, ಕ್ಯಾಮೆರಾ. ಅಪ್ಪ ಈಗೀಗ ಮೊದಲಿಗಿಂತ ಜಾಸ್ತಿ ಹೊರಟುಬಿಡ್ತಾರೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಅವನು ಅಷ್ಟಕ್ಕೇ ಬಿಡುವವನೇ? ಕ್ಯಾಮೆರಾ ಇಡೋವಷ್ಟು ಆಗಿದೆಯಾ ಎಂದು ಆಶ್ರಮಕ್ಕೆ ಫೋನ್ ಮಾಡಿಬಿಟ್ಟರೆ? ಅಚ್ಚಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ತಮ್ಮ ಕಂಪೋಸಿಟಿಂಗ್ ಎಂಬುದನ್ನು ಚಾಲೂ ಮಾಡಿದ. ಒಂದರ ಮೇಲೊಂದಿರುವ ಕಿಟಕಿಗಳನ್ನೆಲ್ಲ ಕೂಡಿಸಿ, ಯಾವುದರ ಹಿಂದೆ ಯಾವುದು ಎಷ್ಟು ಕಾಣಬೇಕು ಎಂದು ಲೆಕ್ಕ ಹಾಕಿ ಬರೆಯುವ ಏರ್ಪಾಡು ಅದು. ಪಟ್ಟಿ ತಿಳಿನೀರಿನ ಹಾಗಾಯಿತು, ಅದರ ಹಿಂದೆ ಅಪ್ಪನ ಕಂದು ಚಪ್ಪಲಿ ಚೊಕ್ಕವಾಗಿ ಕಂಡಿತು. ಅಚ್ಚಕ್ಕನ ಮುಖ ಅರಳಿತು. ಆದರೆ ಆ ಮುದಿ ಯಂತ್ರ ಏದುಸಿರು ಬಿಡತೊಡಗಿತು. ಒಂದು ಅಕ್ಷರ ಒತ್ತಿ, ಲೋಟ ನೀರು ಕುಡಿದು ಬಂದರೆ ಆಗ ಅದು ಪರದೆಗೆ ಬರುತ್ತಿತ್ತು. ಪ್ರಿಂಟರ್ ಅರ್ಧ ಹಾಳೆ ಉಗುಳಿ ನಿಂತಿತು.

"ಆಗಲ್ಲಕ್ಕ. ಇದಕ್ಕೆ ಶಕ್ತಿ ಸಾಲಲ್ಲ. ಕಂಪೋಸಿಟಿಂಗ್ ಇಲ್ದೆ ಪಟ್ಟಿ ಪಾರದರ್ಶಕ ಆಗಲ್ಲ," ಎಂದು ಅದನ್ನು ಆರಿಸಿದ.

"ಅಷ್ಟೇನಾ ನಿನ್ನ ಕೈಲಾಗೋದು? ಲಿಫ್ಟ್ ರಿಪೇರಿ ಮಾಡ್ತೀನಿ ಅಂತ ಮೆರೀತೀಯ."

ಚುಚ್ಚಿದ್ದು ಸರಿಯಾದ ಕಡೆ ತಾಗಿತು. "ಇರು, ಇರು. ಇನ್ನೊಂದು ದಾರಿ ಇದೆ," ಎಂದ. ಅಷ್ಟರಲ್ಲಿ ಯಾರೋ ಲ್ಯಾಮಿನೇಷನ್‌ಗೆ ಬಂದದ್ದರಿಂದ ಅಚ್ಚಕ್ಕ ಆ ಕಡೆ ಹೋದಳು. ತಿರುಗಿ ಬರುವಷ್ಟರಲ್ಲಿ ಪಟ್ಟಿ ಮಾಯವಾಗಿ ಗಡಿಯಾರ ಮತ್ತು ಹೆಸರುಗಳು ಕೋಣೆಯ ನೆಲದ ಮೇಲೇ ತೇಲುತ್ತಿದ್ದವು. ಕಾಲೊರಸು, ಅದರ ಮೇಲೆ ಜೋಡಿ ಚಪ್ಪಲಿ. ಯಂತ್ರಕ್ಕೆ ಏದುಸಿರಿಲ್ಲ, ಪ್ರಿಂಟರಿಗೆ ತಡೆಯಿಲ್ಲ.

"ಹೇಗೆ ಮಾಡ್ದೆ?"

"ಕೈಚಳಕ," ಎಂದು ಹುಬ್ಬು ಹಾರಿಸಿ, ಹೆಲ್ಮೆಟ್ ಎತ್ತಿಕೊಂಡು ಹೊರಟ.

ಅಕ್ಕ ತಮ್ಮ ಇಬ್ಬರದ್ದೂ ಒಂದೇ ಜಾಯಮಾನ. ಬಾಯಿ ಬೇಡವಾದಲ್ಲಿ ಹರಿಯುತ್ತದೆ, ಬೇಕಾದಲ್ಲಿ ಕಟ್ಟುತ್ತದೆ. ಅವಳು ಹೆದರಿಕೆಯಿಂದ ಹೇಳಲಿಲ್ಲ, ಅವನು ಜಂಭದಿಂದ ಹೇಳಲಿಲ್ಲ.

ಆಮೇಲಿನ ದಿನಗಳು ಅಚ್ಚಕ್ಕನಿಗೆ ಹಗುರವಾದವು. ಕೆಲಸದ ಕಿಟಕಿಯನ್ನು ಕೊಂಚ ಗಿಡ್ಡ ಮಾಡಿ ಇಟ್ಟುಕೊಂಡಳು. ಕಣ್ಣು ಹೊರಳಿಸಿದರೆ ಸಾಕು, ಚಪ್ಪಲಿ. ಮೊದಲೆಲ್ಲ ಗಳಿಗೆಗೊಮ್ಮೆ ಮೇಲೆ ಹೋಗಿ "ಅಪ್ಪಾ, ಏನ್ ಮಾಡ್ತಿದೀರಾ" ಎಂದು ಕೇಳಿ, ಅವರು ಹೇಳುವ ಹಳೆಯ ಕತೆಯ ಎರಡು ಸಾಲು ಕೇಳಿ ಇಳಿಯುತ್ತಿದ್ದವಳು ಈಗ ಊಟದ ಹೊತ್ತಿಗೆ ಮಾತ್ರ ಹತ್ತತೊಡಗಿದಳು. ಸಂಜೆ ಕಂಪ್ಯೂಟರ್ ಆರಿಸಿ, ಅಂಗಡಿ ಮುಚ್ಚಿ, ಅಪ್ಪನಿಗೆ ಚಪ್ಪಲಿ ಹಾಕಿಸಿ ಒಂದು ಸುತ್ತು ನಡೆಸಿಕೊಂಡು ಬರುತ್ತಿದ್ದಳು. ಹಾಗಾಗಿ ಚಪ್ಪಲಿಯಿಲ್ಲದ ಕಾಲೊರಸನ್ನು ಪರದೆಯಲ್ಲಿ ನೋಡುವ ಸಂದರ್ಭವೇ ಬರಲಿಲ್ಲ. ಮಧ್ಯಾಹ್ನದ ಮೇಲೆ ಪರದೆಯ ತಳದಲ್ಲಿ ಒಂದು ಗೆರೆ ಕಾಣುತ್ತಿತ್ತು, ಮೇಲೆ ಬಿಸಿಲಿಳಿದು ಮಬ್ಬಾದರೆ ಕೆಳಗೆ ಬೆಳಕಾಗಿರುತ್ತಿತ್ತು. ಪರದೆಗೂ ವಯಸ್ಸಾಯಿತು, ನನ್ನ ಹಾಗೆ, ಎಂದುಕೊಂಡು ಸುಮ್ಮನಾದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥವರಿಗಾಗಿಯೇ. ನೆಮ್ಮದಿಯಾಗಿರುವವರು ಗಾದೆ ಎಲ್ಲಿ ಕೇಳುತ್ತಾರೆ?

ಕಾಲೇಜಿನವರು ವರದಿ ಒಪ್ಪಿಸುವ ಕೊನೆಯ ದಿನ ಬಂತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹುಡುಗ ಹುಡುಗಿಯರು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ವರ್ಷವಿಡೀ ಮಲಗಿದ್ದವರೆಲ್ಲ ಒಟ್ಟಿಗೆ ಎದ್ದು ಬಂದಿದ್ದರು. ಒಬ್ಬನ ವರದಿಗೆ ಪುಟಸಂಖ್ಯೆಯಿಲ್ಲ, ಇನ್ನೊಬ್ಬಳದಕ್ಕೆ ಮಾರ್ಗದರ್ಶಕರ ಹೆಸರೇ ತಪ್ಪು, ಮತ್ತೊಬ್ಬನ ಪೆನ್‌ಡ್ರೈವಿನಲ್ಲಿ ವರದಿಯ ಬದಲು ಪ್ರವಾಸದ ಫೋಟೊಗಳು. ಅಚ್ಚಕ್ಕನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಬೈಯುತ್ತಿದ್ದಳು, ತಿದ್ದುತ್ತಿದ್ದಳು, ಹಾಳೆ ತುಂಬುತ್ತಿದ್ದಳು, ಬೇರೆ ಕೆಲಸಕ್ಕೆ ಬಂದವರಿಗೆಲ್ಲ ನಾಳೆ ಬನ್ನಿ ಎನ್ನುತ್ತಿದ್ದಳು. ಕಣ್ಣು ಪರದೆಗೂ ಪ್ರಿಂಟರಿಗೂ ನಡುವೆ ಓಡಾಡುತ್ತಿತ್ತು. ಆಗಾಗ ಕೆಳಕ್ಕಿಳಿದು ಚಪ್ಪಲಿ ನೋಡಿ ಬರುತ್ತಿತ್ತು. ಚಪ್ಪಲಿ ಇತ್ತು. ಇನ್ನೇನು ಬೇಕು?

ಊಟದ ಹೊತ್ತು ಮೀರಿಯೇ ಹೋಗಿತ್ತು. "ಎಲ್ರೂ ಸ್ವಲ್ಪ ತಡ್ಕೊಳ್ಳಿ, ಅಪ್ಪನಿಗೆ ಊಟ ಬಡಿಸಿ ಬರ್ತೀನಿ" ಎಂದು, ಚಪ್ಪಲಿ ಹುಡುಕಲೂ ವ್ಯವಧಾನವಿಲ್ಲದೆ ಬರಿಗಾಲಲ್ಲೇ ಮೆಟ್ಟಿಲೇರಿದಳು.

ಬಾಗಿಲು ತೆರೆದಿತ್ತು. ಮಂಚದ ಮೇಲೆ ಹೊದಿಕೆ ಮಡಿಸಿಟ್ಟಿತ್ತು. ಕನ್ನಡಿಯ ಹತ್ತಿರ ಬಾಚಣಿಗೆ. ಅಡುಗೆಮನೆ ಖಾಲಿ, ಬಚ್ಚಲು ಖಾಲಿ, ಬಾಲ್ಕನಿ ಖಾಲಿ. ಕಾಲೊರಸಿನ ಮೇಲೆ ಏನೂ ಇರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಈಗ ತಾನೇ ನೋಡಿದ್ದಳಲ್ಲ! ದಡದಡ ಇಳಿದು, ಹುಡುಗರನ್ನು ತಳ್ಳಿಕೊಂಡು ಪರದೆಯ ಮುಂದೆ ಬಂದಳು. ಇದೆ. ಕಾಲೊರಸಿನ ಮೇಲೆ ಅಪ್ಪನ ಚಪ್ಪಲಿ, ಹಿಮ್ಮಡಿ ಸವೆದದ್ದೂ ಕಾಣುವ ಹಾಗೆ ಇದೆ. ಮತ್ತೆ ಮೆಟ್ಟಿಲೇರಿದಳು. ಇಲ್ಲ. ಬಗ್ಗಿ ಕೈಯಿಂದ ಕಾಲೊರಸನ್ನು ಸವರಿದಳು. ತನಗೇ ತಲೆ ಕೆಟ್ಟಿತೋ ಎಂದು ಹೆದರಿಕೆಯಾಯಿತು. ಅಪ್ಪನಿಗೂ ಹೀಗೇ ಶುರುವಾದದ್ದಲ್ಲವೇ?

ಅಟ್ಟದ ಕೆಳಗೆ ಅವಳದೇ ಒಂದು ಜೊತೆ ಕೆಂಪು ಚಪ್ಪಲಿ ಇತ್ತು. ಅದನ್ನು ತಂದು ಕಾಲೊರಸಿನ ನಟ್ಟನಡುವೆ ಇಟ್ಟು ಇಳಿದು ಬಂದಳು. ಕೆಲಸದ ಕಿಟಕಿಯನ್ನು ಮರೆಮಾಡಿ, ಪರದೆಯ ಮುಂದೆ ನಿಂತು ಚಿತ್ರ ಬದಲಾಗುವುದನ್ನೇ ಕಾದಳು. "ಅಕ್ಕಾ, ನಂದು ಬೈಂಡಿಂಗ್..." ಎಂದ ಒಬ್ಬ. "ಬಾಯ್ಮುಚ್ಚು," ಎಂದಳು. ಚಿತ್ರ ಬದಲಾಯಿತು. ಮೇಲೆ ಅವಳು ಸರಿಸಿ ಬಂದ ಕುರ್ಚಿ ಓರೆಯಾಗಿ ಕಂಡಿತು, ತೆರೆದ ಬಾಗಿಲು ಕಂಡಿತು. ಕೆಳಗೆ ಪಟ್ಟಿಯಲ್ಲಿ ಕೆಂಪು ಚಪ್ಪಲಿ ಇರಲಿಲ್ಲ. ಅಪ್ಪನ ಕಂದು ಚಪ್ಪಲಿಯೇ ಇತ್ತು, ಅದರ ಮೇಲೆ ಎಂದಿನದೋ ಒಂದು ಬೆಳಗಿನ ಬಿಸಿಲೂ ಇತ್ತು.

ಈ ಪಟ್ಟಿ ಏನನ್ನೂ ತೋರಿಸುತ್ತಿರಲಿಲ್ಲ ಎಂದು ಆಗ ಅರ್ಥವಾಯಿತು. ಇಷ್ಟು ದಿನ ಅವಳು ಕಾವಲು ಕಾದದ್ದು ಒಂದು ಚಿತ್ರದ ತುಂಡಿಗೆ.

ಹುಡುಗರನ್ನೆಲ್ಲ ಹಾಗೇ ಬಿಟ್ಟು ಬೀದಿಗಿಳಿದಳು. ಎದುರಿನ ಕನ್ನಡಕದಂಗಡಿಯವರು ಬಾಗಿಲಲ್ಲೇ ನಿಂತಿದ್ದರು.

"ಅಪ್ಪನ್ನ ನೋಡಿದ್ರಾ?"

"ಇಲ್ವಲ್ಲಮ್ಮ. ನಾನು ಊಟಕ್ಕೆ ಹೋಗಿದ್ದೆ."

ಊರಿಗೆಲ್ಲ ಕಣ್ಣು ಮಾರುವವರು, ಎದುರಿಗಿರುವುದೇ ಕಾಣಲ್ಲ, ಎಂದು ಮನಸ್ಸಿನಲ್ಲೇ ಬೈದು ಮುಂದೆ ಓಡಿದಳು. ತಾನೂ ಅಷ್ಟೇ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ತಿರುವಿನ ಹಾಲಿನಂಗಡಿ, ಬಸ್ ನಿಲ್ದಾಣ, ಮರದ ಮಿಲ್ಲಿನ ಹಿಂದಿನ ಓಣಿ. ಗೋಡೆಗೆ ಮೀಟರ್ ಇರುವ ಮನೆ ಯಾವುದು ಕಂಡರೂ ಒಳಗೆ ಇಣುಕಿದಳು. ಬರಿಗಾಲು ಸುಟ್ಟಿತು. ರಸ್ತೆಯಲ್ಲಿ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿದಾಗ ಅತ್ತ ಓಡಿ ಚಕ್ರದ ಮುಂದೆ ನೋಡಿ ಬಂದಳು.

ಫೋನ್ ಕೈಯಲ್ಲೇ ಇತ್ತು. ತಮ್ಮನಿಗೆ ಮಾಡಬೇಕು. ಮಾಡಿದರೆ ಮುಗಿಯಿತು, ಅಪ್ಪ ಆ ಗೇಟಿನ ಒಳಗೆ. ಇನ್ನೊಂದು ಬೀದಿ ನೋಡಿಬಿಡೋಣ, ಅಲ್ಲೇ ಸಿಗಬಹುದು, ಅವನಿಗೆ ಗೊತ್ತೇ ಆಗಬೇಕಿಲ್ಲ. ಆ ಬೀದಿ ಮುಗಿಯಿತು. ಇನ್ನೊಂದು. ಅದೂ ಮುಗಿಯಿತು. ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು: ಅಪ್ಪ ಎಲ್ಲಿ ಬಿದ್ದಿದ್ದಾರೋ ಗೊತ್ತಿಲ್ಲ, ನಾನು ಗೆಲುವು ಸೋಲಿನ ಯೋಚನೆ ಮಾಡ್ತಿದೀನಲ್ಲ. ಬೀದಿಯ ಅಂಚಿನಲ್ಲಿ ನಿಂತು ನಂಬರ್ ಒತ್ತಿದಳು. ಸ್ವಿಚ್ ಆಫ್ ಅಂತಲೋ ವ್ಯಾಪ್ತಿಯಲ್ಲಿಲ್ಲ ಅಂತಲೋ ಹೇಳಿತು. ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದರೆ ಅವನ ಫೋನು ಹಾಗೇ. ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಮೊದಲು ಮಾಡಲು ಮನಸ್ಸಿಲ್ಲದವಳು ಈಗ ಅವನ ದನಿಗಾಗಿ ಪ್ರಾಣ ಬಿಡುತ್ತಿದ್ದಳು.

ಕೊನೆಗೆ ಸಿಕ್ಕಿದ. "ಏನಕ್ಕ, ಇಷ್ಟೊಂದು ಸಲ?"

"ಅಪ್ಪ ಕಾಣಿಸ್ತಿಲ್ಲ ಕಣೋ."

"ಯಾವಾಗಿಂದ?"

"ಗೊತ್ತಿಲ್ಲ. ಚಪ್ಪಲಿ ಇತ್ತು ಅಂದ್ಕೊಂಡಿದ್ದೆ. ಆ ನಿನ್ನ ಹಾಳು ಪಟ್ಟಿ... ಅದರಲ್ಲಿ ಚಪ್ಪಲಿ ಈಗ್ಲೂ ಇದೆ! ಏನ್ ಮಾಡಿಟ್ಟಿದೀಯ ಅದಕ್ಕೆ?"

"ಏನಿಲ್ಲ, ಪಟ್ಟಿನ ಒಂದ್ಗಳಿಗೆ ಅಡಗಿಸಿ, ಪರದೆಯದೇ ಒಂದು ಫೋಟೊ ತೆಗ್ದು, ಪಟ್ಟಿ ಕೂರೋವಷ್ಟು ಜಾಗ ಕತ್ತರಿಸಿ, ಅದನ್ನೇ ಪಟ್ಟಿಗೆ ಹಿನ್ನೆಲೆಯಾಗಿ ಅಂಟಿಸ್ದೆ. ಕಂಪೋಸಿಟಿಂಗ್ ಇಲ್ದೆ ಇರೋ ಕಡೆ ಎಲ್ರೂ ಹಾಗೇ ಮಾಡೋದು. ಹಿಂದಿನ ಫೋಟೊ ಬದಲಾಗದಿದ್ರೆ ಗೊತ್ತೇ ಆಗಲ್ಲ." ಅವನ ಮಾತು ನಿಧಾನವಾಯಿತು. "ಅಕ್ಕ, ಅದು ಫೋಟೊ ತಾನೇ?"

"ಕ್ಯಾಮೆರಾ," ಎಂದಳು ಅಚ್ಚಕ್ಕ.

"ಚೆನ್ನಾಗಿರುತ್ತೆ ಅಂತ ಅಂದ್ಯಲ್ಲ ನೀನು!"

"ಅಂಟಿಸಿದೀನಿ ಅಂತ ನೀನು ಹೇಳಿದ್ಯಾ?"

ಜಗಳ ಆಡಲು ಹೊತ್ತಿರಲಿಲ್ಲ. "ಅಲ್ಲೇ ಇರು, ಬರ್ತೀನಿ," ಎಂದು ಅವನು ಫೋನಿಟ್ಟ.

ಬಂದವನ ಕೈಗೆ ಇನ್ನೂ ಗ್ರೀಸ್ ಮೆತ್ತಿತ್ತು. ಸ್ಕೂಟರಿನಿಂದ ಇಳಿಯದೆಯೇ ಅವನು ಒಂದರ ಹಿಂದೊಂದು ಫೋನ್ ಮಾಡತೊಡಗಿದ. ಊರಿನ ಅರ್ಧ ದೊಡ್ಡ ಕಟ್ಟಡಗಳ ಲಿಫ್ಟು ಅವನ ಕೈಯಲ್ಲಿತ್ತು, ಕಾವಲುಗಾರರೆಲ್ಲ ಪರಿಚಯ. ಲಿಫ್ಟಿನ ಪಕ್ಕದಲ್ಲೇ, ಮೆಟ್ಟಿಲ ಕೆಳಗೆ, ಮೀಟರುಗಳ ಕೋಣೆ ಇರುತ್ತದೆ ಎಂಬುದು ಅವನಿಗೆ ಗೊತ್ತು. "ಅಣ್ಣಾ, ಒಬ್ರು ವಯಸ್ಸಾದವರು ಮೀಟರ್ ನೋಡ್ಬೇಕು ಅಂತ ಬಂದಿದ್ರಾ?" ಒಬ್ಬ ಇಲ್ಲವೆಂದ. ಇನ್ನೊಬ್ಬ ನಕ್ಕ. ಮತ್ತೊಬ್ಬ ಎತ್ತಲೇ ಇಲ್ಲ. ಅಚ್ಚಕ್ಕ ಹಿಂದಿನ ಸೀಟಿನಲ್ಲಿ ಕೂರಲಾರದೆ ಇಳಿದಳು, ನಿಲ್ಲಲಾರದೆ ಹತ್ತಿದಳು, ಮತ್ತೆ ಇಳಿದಳು.

"ಒಂದ್ಕಡೆ ಇರಕ್ಕ!" ಎಂದು ಗದರಿದ ತಮ್ಮ. ಆಮೇಲೆ ಫೋನನ್ನು ಕಿವಿಗೆ ಒತ್ತಿ ಹಿಡಿದ. "ಹೌದಾ? ಬಿಳಿ ಅಂಗಿನಾ? ಕಳಿಸ್ಬೇಡಿ, ಹಾಗೇ ಕೂರ್ಸಿ, ಪುಣ್ಯ ಬರುತ್ತೆ ನಿಮಗೆ."

ಹೊಳೆಯ ಸೇತುವೆ ದಾಟಿದ ಮೇಲಿನ ಕಟ್ಟಡ ಅದು. ಅಷ್ಟು ದೂರ, ಆ ಸಂದಣಿಯಲ್ಲಿ, ಒಬ್ಬರೇ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಾಲು ಸಾಲು ಮೀಟರುಗಳ ಮುಂದೆ ಕಾವಲುಗಾರ ಕೊಟ್ಟ ಸ್ಟೂಲಿನ ಮೇಲೆ ಅಪ್ಪ ಕೂತಿದ್ದರು. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಚಪ್ಪಲಿ ಧೂಳು ಹಿಡಿದಿತ್ತು. ಒಂದೊಂದು ಮೀಟರಿನ ಅಂಕಿಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

"ಅಪ್ಪಾ," ಎಂದಳು ಅಚ್ಚಕ್ಕ. ಒಳಗೆ ಬಂದು ಅವರ ಸ್ಟೂಲಿನ ಪಕ್ಕದಲ್ಲಿ ನೆಲಕ್ಕೆ ಕೂತಳು.

ಅಪ್ಪ ತಿರುಗಿ ನೋಡಿ ಮರ್ಯಾದೆಯಿಂದ ನಕ್ಕರು. "ನೀವು ಈ ಮನೆಯವ್ರಾ? ನಿಮ್ದು ಆಯ್ತಮ್ಮ. ಬಾಗಿಲು ಹಾಕ್ಕೊಳ್ಳಿ."

ತಮ್ಮ ಅವಳನ್ನು ಪಕ್ಕಕ್ಕೆ ಕರೆದ. ಅವನ ಕಣ್ಣೂ ಒದ್ದೆಯಾಗಿತ್ತು. "ಅಕ್ಕ, ಇದು ನಂದೇ ತಪ್ಪು. ಅಂಟಿಸಿ, ಜಂಭ ಹೊಡ್ಕೊಂಡು ಬಾಯ್ಮುಚ್ಕೊಂಡಿದ್ದೆ. ನಿನ್ನ ಮಾತು ನೀನು ಉಳಿಸ್ಕೊಂಡಿದೀಯ. ಇವತ್ತಿಂದು ಲೆಕ್ಕಕ್ಕಿಲ್ಲ, ಬಿಟ್ಬಿಡೋಣ." ಹೇಳಿ, ಕಾವಲುಗಾರನನ್ನು ಮಾತಾಡಿಸಲು ಹೊರಗೆ ಹೋದ.

ಅಚ್ಚಕ್ಕನಿಗೆ ಹೋದ ಉಸಿರು ಬಂದಂತಾಯಿತು. ಅಪ್ಪ ಮನೆಯಲ್ಲೇ ಇರುತ್ತಾರೆ. ಅವರಿಗೆ ನೀರು ಕುಡಿಸಿ, ಸೆರಗಿನಿಂದ ಕುತ್ತಿಗೆ ಒರೆಸಿದಳು.

"ಒಳ್ಳೆಯವರಮ್ಮ ನೀವು," ಎಂದರು ಅಪ್ಪ. "ಇವತ್ತು ಎಲ್ಲಾ ಕಡೆ ಚೆನ್ನಾಗೇ ಮಾತಾಡಿಸಿದ್ರು. ಮೊದಲ್ನೇದು ಒಂದು ಅಂಗಡಿ ನೋಡಿ, ನೀಲಿ ಬಟ್ಟೆ ಇಳಿಬಿಟ್ಟಿದ್ರು, ಹುಡುಗರ ಗುಂಪು. ಬಾಗಿಲಲ್ಲಿ ನಿಂತು ಕೂಗ್ದೆ. ಆಯಮ್ಮ ತಲೆ ಎತ್ಲಿಲ್ಲ. ಇವತ್ತಾಗಲ್ಲ, ನಾಳೆ ಬನ್ನಿ ಅಂದ್ರು. ಪಾಪ, ಕೆಲಸ ಜಾಸ್ತಿ ಇತ್ತು ಅನ್ಸುತ್ತೆ."

ಅಚ್ಚಕ್ಕನ ಕೈ ಹಾಗೇ ನಿಂತಿತು. ನೆನಪು ಮಾಡಿಕೊಳ್ಳಲು ನೋಡಿದಳು. ಆವತ್ತು ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಆ ಮಾತು ಹೇಳಿದ್ದಳೋ. ಅ‍ದರಲ್ಲಿ ಯಾವುದು ಅಪ್ಪನಿಗೆ ಹೇಳಿದ್ದು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಚಪ್ಪಲಿ ಹಾಕಿಕೊಂಡ ಅಪ್ಪ ಎದುರಿಗೆ ನಿಂತಿದ್ದಾಗ ಅವಳು ಪರದೆಯಲ್ಲಿ ಆ ಚಪ್ಪಲಿಯನ್ನೇ ನೋಡುತ್ತಿದ್ದಳೇನೋ.

ತಮ್ಮನಿಗೆ ಇದು ಕೇಳಿಸಿರಲಿಲ್ಲ. ನುಂಗಿಕೊಂಡರೆ ನುಂಗಿಕೊಂಡ ಹಾಗೇ ಇರುತ್ತಿತ್ತು. ಅವನು ಒಳಗೆ ಬಂದಾಗ ಅವಳು ಅಳುತ್ತಲೇ ಹೇಳಿದಳು.

"ನಿನ್ನ ಪಟ್ಟಿಯದಲ್ಲ ಕಣೋ ತಪ್ಪು. ಅಪ್ಪ ಮೊದಲು ನನ್ನ ಹತ್ರಾನೇ ಬಂದಿದ್ರು. ನಾನು ಮುಖ ನೋಡ್ದೆ ನಾಳೆ ಬನ್ನಿ ಅಂತ ಕಳಿಸ್ಬಿಟ್ಟೆ. ಪಟ್ಟಿ ಸರಿಯಾಗಿದ್ರೂ ಇಷ್ಟೇ ಆಗ್ತಿತ್ತು. ಮಾತು ಅಂದ್ಮೇಲೆ ಮಾತು. ಆ ಆಶ್ರಮಕ್ಕೇ ಸೇರ್ಸು."

ಇಷ್ಟು ತಿಂಗಳು ಇದೇ ಮಾತಿಗೆ ಕಾದಿದ್ದವನು ಈಗ ಅದನ್ನು ಹಿಡಿದುಕೊಳ್ಳಲು ಕೈ ಚಾಚಲಿಲ್ಲ. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಈಗ ಎಲ್ಲಿಗೆ ಹೋಗ್ಬೇಕು ನಿಮಗೆ?"

"ಈಗ ಎಲ್ಲಿಗೂ ಬೇಡಪ್ಪ, ಕಾಲು ನೋಯ್ತಿದೆ. ನಾಳೆ ಆ ಅಂಗಡಿಗೆ ಹೋಗ್ಬೇಕು."

"ಅಲ್ಲಿಗೇ ಯಾಕೆ?"

"ಬನ್ನಿ ಅಂದಿದಾರಲ್ಲ," ಎಂದರು ಅಪ್ಪ, ಇದೂ ಕೇಳುವ ಮಾತೇ ಎಂಬಂತೆ. "ಕರೆದ್ಮೇಲೆ ಹೋಗದೆ ಇರೋಕಾಗುತ್ತಾ?"

ತಮ್ಮ ಅಪ್ಪನ ಚಪ್ಪಲಿಯ ಧೂಳು ಒರೆಸಿದ. ಆಮೇಲೆ ಅಕ್ಕನ ಕಡೆ ತಿರುಗಿ, "ನಿನ್ನ ಅಂಗಡೀಲಿ ಇನ್ನೊಂದು ಕುರ್ಚಿಗೆ ಜಾಗ ಇದೆಯಾ?" ಎಂದ. "ನಿನ್ನ ಪಕ್ಕದಲ್ಲೇ? ರಜಾ ದಿನ ನಾನು ಕರ್ಕೊಂಡು ಹೋಗ್ತೀನಿ."

"ಮಾಡ್ತೀನಿ," ಎಂದಳು ಅಚ್ಚಕ್ಕ. ಮೂಗು ಒರೆಸಿಕೊಂಡು, ಬಗ್ಗಿ ಅಪ್ಪನ ಕೈ ಹಿಡಿದಳು. "ನಾಳೆ ತನಕ ಯಾಕೆ? ಈಗ್ಲೇ ಬನ್ನಿ. ಅಂಗಡಿ ತೆಗೆದೇ ಇದೆ."

ಅಪ್ಪ ಅವಳ ಮುಖವನ್ನು ದಿಟ್ಟಿಸಿ ನೋಡಿದರು. "ಆ ಅಂಗಡಿಯವರು ನೀವೇನಾ?"

"ಹೂಂ, ನಾನೇ."

"ಹೌದಾ?" ಎಂದು ಅವರು ಅವಳ ಕೈ ಊರಿಕೊಂಡು ಎದ್ದರು. "ಆಗ ಮುಖ ಕಾಣ್ಲಿಲ್ಲ ನೋಡಿ. ಅದಕ್ಕೇ ಗುರ್ತು ಸಿಗ್ಲಿಲ್ಲ."